ಹೊಳೆಗಲ್ಲಿನಲ್ಲಿ ಬೆಟ್ಟ ಕಾಣುವ ಬಗೆ: ಸುಯಿಸೆಕಿ ಕಲಿಯುವವರಿಗೆ

ನೀರು, ಕಲ್ಲು ಎಂಬರ್ಥದ ಎರಡು ಪದಗಳು ಸೇರಿ ಜಪಾನಿನಲ್ಲಿ ‘ಸುಯಿಸೆಕಿ’ ಎಂಬ ಹೆಸರಾಗಿದೆ. ಹೊಳೆಯಲ್ಲೋ ಬೆಟ್ಟದ ಬುಡದಲ್ಲೋ ದೊರೆತ, ಎರಡು ಕೈಗಳಿಂದ ಎತ್ತಬಹುದಾದಷ್ಟು ದೊಡ್ಡ ಕಲ್ಲಿನಲ್ಲಿ ಪರ್ವತವನ್ನೋ ದ್ವೀಪವನ್ನೋ ಜಲಪಾತವನ್ನೋ ಕಂಡು, ಅದನ್ನು ಕೆತ್ತದೆ ತಿದ್ದದೆ ಶಿಲ್ಪದಂತೆ ಇರಿಸಿ ನೋಡುವ ಕಲೆ ಇದು. ಇದರ ಬೇರು ಚೀನಾದಲ್ಲಿದ್ದು, ಅಲ್ಲಿನ ಚಿತ್ರಕಾರ ಮಿ ಫು (1051–1107) ಬಂಡೆಯೊಂದಕ್ಕೆ ಬಾಗಿ ನಮಸ್ಕರಿಸಿ ‘ಅಣ್ಣ’ ಎಂದು ಕರೆದನೆಂಬ ಕತೆ ಇಂದಿಗೂ ಪ್ರಸಿದ್ಧವಾಗಿದೆ. ಚೀನೀಯರು ಸುಝೌ ಬಳಿಯ ಥಾಯ್‌ಹು ಸರೋವರದ ಸುಣ್ಣಕಲ್ಲುಗಳಂತೆ ನೀಳವಾಗಿ ನಿಂತ, ಸುಕ್ಕುಗಟ್ಟಿದ, ತೂತುಗಳುಳ್ಳ ಕಲ್ಲುಗಳನ್ನು ಮೆಚ್ಚಿದರೆ, ಜಪಾನೀಯರ ಒಲವು ಬಹುಮಟ್ಟಿಗೆ ಅಡ್ಡಲಾಗಿ ಹರಡಿಕೊಂಡ ಶಾಂತ ಆಕಾರಗಳ ಕಡೆಗಿದೆ.

ಕಲ್ಲು ಆರಿಸುವಾಗ ಮೊದಲು ಗಡಸುತನವನ್ನು ನೋಡಬೇಕು. ಪುಡಿಯಾಗುವ ಕಲ್ಲು ಎಷ್ಟು ಚೆಲುವಾಗಿದ್ದರೂ ಬಾಳುವುದಿಲ್ಲ. ಬಣ್ಣ ಗಾಢವಾಗಿದ್ದು ಅಬ್ಬರವಿಲ್ಲದಿರಲಿ. ದೂರದ ಬೆಟ್ಟದ ಆಕಾರವುಳ್ಳ ‘ತೋಯಾಮಾ-ಇಶಿ’ ಹೊಸಬರಿಗೆ ತಕ್ಕದ್ದು. ಅಂಗಡಿಯಲ್ಲಿ ಕೊಳ್ಳುವುದಾದರೆ ತಳವನ್ನು ಮರೆಯದೆ ತಿರುವಿ ನೋಡಬೇಕು: ಅದು ಹಲಗೆಯಂತೆ ಸಮತಟ್ಟಾಗಿದ್ದು ಅಂಚು ಚೂಪಾಗಿದ್ದರೆ ಗರಗಸ ತಾಗಿದೆ ಎಂದೇ ಅರ್ಥ. ತಳ ಕತ್ತರಿಸಿದ ಕಲ್ಲುಗಳೂ ಮಾರಾಟದಲ್ಲಿವೆ, ಆದರೆ ಮಾರುವವರು ಅವಕ್ಕೆ ಕತ್ತರಿಸದ ಕಲ್ಲಿನಷ್ಟೇ ಬೆಲೆ ಕೇಳುವುದು ಸರಿಯಲ್ಲ. ಸಂರಕ್ಷಿತ ಅರಣ್ಯಗಳಿಂದ ಕಲ್ಲನ್ನು ಎತ್ತಿ ತರುವಂತಿಲ್ಲ.

ಮನೆಗೆ ತಂದ ಕಲ್ಲನ್ನು ಮೆತ್ತಗಿನ ಬ್ರಷ್ಷು ಮತ್ತು ನೀರಿನಿಂದಷ್ಟೇ ತೊಳೆಯಬೇಕು. ಆಮ್ಲವಾಗಲಿ ತಂತಿಯ ಬ್ರಷ್ಷಾಗಲಿ ನೂರಾರು ವರ್ಷ ಹೊಳೆ ಮಾಡಿದ ಕೆಲಸವನ್ನು ಒಂದೇ ಗಳಿಗೆಯಲ್ಲಿ ಅಳಿಸಿಬಿಡುತ್ತವೆ. ಆಮೇಲೆ ಅದನ್ನು ಕಣ್ಣಿನ ಮಟ್ಟದಲ್ಲಿಟ್ಟು, ದಿನಕ್ಕೊಂದಿಷ್ಟು ತಿರುಗಿಸುತ್ತ, ಮುಖ ಯಾವುದೆಂದು ನಿಶ್ಚಯಿಸಬೇಕು. ಈ ಹಂತದಲ್ಲಿ ಆತುರಪಟ್ಟವರೇ ಹೆಚ್ಚು. ಶಿಖರ ನೋಡುವವನ ಕಡೆಗೆ ತುಸು ಬಾಗಿದಂತಿದ್ದು, ಎರಡು ಬದಿಯ ಇಳಿಜಾರುಗಳು ಒಂದೇ ಅಳತೆಯವಾಗಿರದಿದ್ದರೆ ಬೆಟ್ಟ ನಿಜವೆನಿಸುತ್ತದೆ.

ನಿಲ್ಲಿಸಲು ಎರಡು ದಾರಿಗಳಿವೆ. ‘ದೈಜಾ’ ಎಂಬುದು ಆ ಒಂದೇ ಕಲ್ಲಿಗೆಂದು ಕೊರೆದ ಮರದ ಪೀಠ. ಕಲ್ಲಿನ ತಳದ ಅಂಚನ್ನು ಹಲಗೆಯ ಮೇಲೆ ಬರೆದುಕೊಂಡು, ಒಳಭಾಗವನ್ನು ಉಳಿಯಿಂದ ತೋಡಿ, ತಳಕ್ಕೆ ಸೀಮೆಸುಣ್ಣ ಬಳಿದು ಕಲ್ಲನ್ನು ಒತ್ತಿದರೆ ಬಿಳಿ ಗುರುತು ಎಲ್ಲಿ ಮೂಡುವುದೋ ಅಲ್ಲಿ ಮಾತ್ರ ಮತ್ತೆ ಕೆರೆಯಬೇಕು. ಕಲ್ಲು ಅಲುಗಾಡದೆ ಕೂರುವ ತನಕ ಇದನ್ನು ಹತ್ತಾರು ಸಲ ಮಾಡಬೇಕಾದೀತು. ಕಲ್ಲಿನ ಭಾರ ಹೆಚ್ಚಿರುವೆಡೆಯಲ್ಲಿ ಪೀಠದ ಕಾಲುಗಳು ಬರಬೇಕು. ಪೀಠ ತಾನೇ ಕಣ್ಣಿಗೆ ಬೀಳುವಷ್ಟು ಅಲಂಕಾರ ಬೇಡ.

‘ಸುಯಿಬಾನ್’ ಎಂಬ ಆಳವಿಲ್ಲದ ತಟ್ಟೆಯಲ್ಲಿ ಇಡುವವರು ತೊಳೆದ ನಯವಾದ ಮರಳನ್ನು ಹರಡಿ, ಕಲ್ಲನ್ನು ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸಿ, ಬೆಟ್ಟದ ಇಳಿಜಾರು ಯಾವ ಕಡೆಗೆ ಸಾಗುವುದೋ ಆ ಕಡೆ ಹೆಚ್ಚು ಬಯಲು ಬಿಡಬೇಕು.

ಕಲ್ಲಿಗೆ ಹಳಮೆಯ ಕಾಂತಿ ಬರಲು ಅದನ್ನು ಬಿಸಿಲು ಗಾಳಿಗಳಲ್ಲಿಟ್ಟು ನಿತ್ಯ ನೀರೆರೆಯುವ ‘ಯೋಸೆಕಿ’ ಎಂಬ ಪದ್ಧತಿಯಿದೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಎಣ್ಣೆ ಸವರಿ ತಂದ ಹೊಳಪು ಕೂಡಲೇ ಗೊತ್ತಾಗುತ್ತದೆ. ಅತಿಥಿಗಳು ಬರುವ ಮುನ್ನ ತಟ್ಟೆಯ ಕಲ್ಲಿಗೆ ನೀರು ಸಿಂಪಡಿಸಿದರೆ ಶಿಖರ ಮೊದಲು ಒಣಗಿ ಬೆಳ್ಳಗಾಗುತ್ತದೆ, ಕಣಿವೆಗಳು ಇನ್ನೂ ಕಪ್ಪಾಗಿರುತ್ತವೆ. ನೋಡಬೇಕಾದ ಹೊತ್ತು ಅದೇ.