ಕ್ರಯಪತ್ರ ಹಿಡಿದು ಒಹಾಯೊದಿಂದ ವಿಂಡ್ಸರ್‌ವರೆಗೆ

ಅಮೆರಿಕದ ಹಳೇ ಕುಟುಂಬಗಳ ವಂಶ ಹುಡುಕಲು ಹೊರಟವರು ಮೊದಲು ಓಡುವುದು ಹಡಗಿನ ಕಡೆಗೆ. ನಮ್ಮವರು 1620ರ ಮೇಫ್ಲವರ್‌ನಲ್ಲಿ ಬಂದರಾ, 1630ರಲ್ಲಿ ಬಂದರಾ ಅನ್ನುವುದೇ ದೊಡ್ಡ ಪ್ರಶ್ನೆ. ನನ್ನ ಅನುಭವದಲ್ಲಿ ಹಡಗಿನ ಕಾಲ ಅಂಥ ಕಷ್ಟದ್ದಲ್ಲ. 1620ರಿಂದ 1640ರೊಳಗೆ ನ್ಯೂ ಇಂಗ್ಲೆಂಡ್‌ಗೆ, ಅಂದರೆ ಅಮೆರಿಕದ ಈಶಾನ್ಯ ಮೂಲೆಗೆ, ಬಂದವರು ಸುಮಾರು 20,000 ಜನ. ಅವರ ಬಗ್ಗೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ 1988ರಿಂದ ಒಂದು ದೊಡ್ಡ ಅಧ್ಯಯನವನ್ನೇ ನಡೆಸಿದೆ. ಹೆಣಗಾಟ ಇರುವುದು ನಡುವಿನ ಕಾಲದಲ್ಲಿ, 1780ರಿಂದ 1850ರವರೆಗೆ. ಆ ಕಾಲದ ತಲೆಮಾರುಗಳು ಊರು ಬಿಟ್ಟು ಪಶ್ಚಿಮಕ್ಕೆ ಹೋದವು. ಹಿಂದಿನ ಊರಿನ ಚರ್ಚಿನಲ್ಲೂ ಅವರ ಸುದ್ದಿಯಿಲ್ಲ, ಹೊಸ ಊರಿನಲ್ಲಿ ದಾಖಲೆ ಇಡುವವರೇ ಇಲ್ಲ. ಎಷ್ಟೋ ವಂಶವೃಕ್ಷಗಳು ಮುರಿಯುವುದು ಇಲ್ಲೇ. ಮುರಿದ ಜಾಗಕ್ಕೆ ಊಹೆಯ ಅಂಟು ಹಚ್ಚಿರುವುದೂ ಇಲ್ಲೇ.

ನಾನು ಹುಡುಕಿದ್ದು ನನ್ನ ಗಂಡನ ಮನೆಯವರ ವಂಶ. ಈಶಾನ್ಯ ಒಹಾಯೊದ ರೈತ ಕುಟುಂಬ. ಅಡ್ಡಹೆಸರು ಬರೆಯಬೇಡ ಅಂತ ನಮ್ಮತ್ತೆ ಹೇಳಿದ್ದಾರೆ, ಬರೆಯುವುದಿಲ್ಲ. ಅವರ ಹತ್ತಿರ ಒಂದು ಹಳದಿಯಾದ ಹಾಳೆ ಇತ್ತು. ಮೂವರು ಅಣ್ಣತಮ್ಮಂದಿರು ಇಂಗ್ಲೆಂಡಿನಿಂದ ಬಂದರು, ಒಬ್ಬ ಉತ್ತರಕ್ಕೆ ಹೋದ, ಒಬ್ಬ ದಕ್ಷಿಣಕ್ಕೆ ಹೋದ, ಮೂರನೆಯವನು ಏನಾದ ಗೊತ್ತಿಲ್ಲ ಅಂತ ಅದರಲ್ಲಿ ಬರೆದಿತ್ತು. ಈ ಮೂವರು ಅಣ್ಣತಮ್ಮಂದಿರು ಅಮೆರಿಕದ ಅರ್ಧಕ್ಕರ್ಧ ಮನೆಗಳಲ್ಲಿ ಇದ್ದಾರೆ ಅಂತ ಆಮೇಲೆ ತಿಳಿಯಿತು. ಒಂದೇ ಅಡ್ಡಹೆಸರಿನ ಬೇರೆ ಬೇರೆ ಮನೆತನಗಳನ್ನು ಜೋಡಿಸಲು ಇದಕ್ಕಿಂತ ಸುಲಭದ ಕಥೆ ಇಲ್ಲ, ಅಲ್ವಾ?

ಹಾಳೆಯ ಜೊತೆ ಒಂದು ಹಳೆಯ ಮುದ್ರಿತ ವಂಶಾವಳಿಯೂ ಇತ್ತು. ಮುಖಪುಟದಲ್ಲಿ ಸಿಂಹದ ಲಾಂಛನ. ಇಂಥ ಪುಸ್ತಕಗಳನ್ನು ನಂಬುವ ಮೊದಲು ಗುಸ್ತಾವ್ ಆಂಜೂ ಅನ್ನುವ ಹೆಸರು ತಿಳಿದಿರಬೇಕು. ಈ ಮನುಷ್ಯ ಶ್ರೀಮಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಬರೆದುಕೊಟ್ಟು ದುಡ್ಡು ಮಾಡಿದವನು. ಅವನು ಹೆಣೆದ ಸುಳ್ಳುಗಳು ಇವತ್ತಿಗೂ ಆನ್‌ಲೈನ್ ಮರಗಳಲ್ಲಿ ಓಡಾಡುತ್ತಿವೆ. ಒಬ್ಬರದ್ದು ನೋಡಿ ನೂರು ಜನ ನಕಲು ಮಾಡುತ್ತಾರೆ, ಆಮೇಲೆ ನೂರು ಕಡೆ ಇದೆ ಅಂತ ಅದೇ ಸಾಕ್ಷಿಯಾಗುತ್ತದೆ. ನಾನು ಆ ಪುಸ್ತಕವನ್ನು ಪಕ್ಕಕ್ಕಿಟ್ಟು ಗಂಡನ ಅಜ್ಜನ ಜನನ ಪತ್ರದಿಂದ ಹಿಂದಕ್ಕೆ ಹೊರಟೆ.

ನಮ್ಮಪ್ಪ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂರುತ್ತಿದ್ದ ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಅನ್ನುವ ಮಾತು ಕೇಳುತ್ತಲೇ ನಾನು ಬೆಳೆದೆ. ಒಂದು ಜಮೀನಿನ ಚೆಕ್ಕುಬಂದಿ ನೋಡಿಯೇ ಆ ಮನೆಯ ಸಂಬಂಧವೆಲ್ಲ ಅವರು ಹೇಳಿಬಿಡುತ್ತಿದ್ದರು. ಅಮೆರಿಕದ ಹಳೇ ದಾಖಲೆಗಳಲ್ಲಿ ನನಗೆ ದಾರಿ ಕಂಡಿದ್ದು ಈ ಅಭ್ಯಾಸದಿಂದಲೇ. ಜನನ, ಮದುವೆ, ಸಾವಿನ ಪಟ್ಟಿ ಒಬ್ಬ ಮನುಷ್ಯ ಇದ್ದ ಅಂತ ಹೇಳುತ್ತದೆ. ಇವನು ಅವನ ಮಗ ಅಂತ ಗಟ್ಟಿಯಾಗಿ ಹೇಳುವುದು ಹೆಚ್ಚಾಗಿ ಆಸ್ತಿಯ ಕಾಗದ.

ಮೊದಲು ಸೆನ್ಸಸ್, ಅಂದರೆ ಜನಗಣತಿ. 1950ರಿಂದ ಹಿಂದಕ್ಕೆ ಹೋಗುವುದು ಸಲೀಸು. 1890ರದ್ದು ಮಾತ್ರ ಹೆಚ್ಚುಕಡಿಮೆ ಪೂರ್ತಿ ಇಲ್ಲ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಗೆ ಸಿಕ್ಕಿ ಹಾಳಾಯಿತು. 1880ರಲ್ಲಿ ಮನೆಯ ಯಜಮಾನನಿಗೆ ಉಳಿದವರು ಏನಾಗಬೇಕು ಅಂತ ಬರೆದಿದ್ದಾರೆ. 1850ರಲ್ಲಿ ಮನೆಯವರೆಲ್ಲರ ಹೆಸರಿದೆ, ಸಂಬಂಧ ಇಲ್ಲ. ಒಂದೇ ಮನೆಯಲ್ಲಿದ್ದ ಹುಡುಗ ಮಗನೋ, ತಮ್ಮನೋ, ಕೂಲಿಯವನೋ ಹೇಳಲು ಬರುವುದಿಲ್ಲ. 1840 ಮತ್ತು ಅದಕ್ಕೂ ಹಿಂದೆ ಯಜಮಾನನ ಹೆಸರೊಂದೇ. ಉಳಿದವರೆಲ್ಲ ವಯಸ್ಸಿನ ಕಂಬದಲ್ಲಿ ಬರೀ ಲೆಕ್ಕ.

ನನಗೆ 1850ರಲ್ಲಿ ಸಿಕ್ಕಿದ್ದು ಒಹಾಯೊದಲ್ಲೇ ಹುಟ್ಟಿದ ಒಬ್ಬ ಯುವಕ. ಅವನು ಯಾರ ಮಗ ಅಂತ ತಿಳಿದಿದ್ದು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಪ್ರೊಬೇಟ್ ಕಡತದಿಂದ. ಸತ್ತವರ ಆಸ್ತಿ ಹಂಚಿಕೆಯ ಕೋರ್ಟಿನ ಕಡತ ಅದು. ಉಯಿಲು ಬರೆಯದೆ ತೀರಿಕೊಂಡ ಒಬ್ಬ ರೈತನ ವಾರಸುದಾರರ ಪಟ್ಟಿಯಲ್ಲಿ ಇವನ ಹೆಸರು, ಅಕ್ಕತಂಗಿಯರ ಹೆಸರು, ಅವರ ಗಂಡಂದಿರ ಹೆಸರು ಎಲ್ಲ ಇತ್ತು. ಆ ರೈತ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಆದರೆ ಯಾವ ಊರು?

ಇಲ್ಲಿ ಸ್ವಲ್ಪ ಚರಿತ್ರೆ ಬೇಕಾಗುತ್ತದೆ. ಈಶಾನ್ಯ ಒಹಾಯೊಗೆ ವೆಸ್ಟರ್ನ್ ರಿಸರ್ವ್ ಅಂತ ಹೆಸರು. ಈ ನೆಲ ತನ್ನದು ಅಂತ ಕನೆಕ್ಟಿಕಟ್ ರಾಜ್ಯ ಹಕ್ಕು ಹೇಳುತ್ತಿತ್ತು. 1795ರಲ್ಲಿ ಅದರ ದೊಡ್ಡ ಭಾಗವನ್ನು ಕನೆಕ್ಟಿಕಟ್ ಲ್ಯಾಂಡ್ ಕಂಪನಿಗೆ 12 ಲಕ್ಷ ಡಾಲರಿಗೆ ಮಾರಿತು. ಹಾಗಾಗಿ ಅಲ್ಲಿಗೆ ಬಂದ ರೈತರಲ್ಲಿ ತುಂಬಾ ಜನ ಕನೆಕ್ಟಿಕಟ್ ಮತ್ತು ಪಶ್ಚಿಮ ಮ್ಯಾಸಚೂಸೆಟ್ಸ್ ಕಡೆಯವರು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ನ್ಯೂ ಇಂಗ್ಲೆಂಡ್‌ನಲ್ಲಿ ಬೇಸಿಗೆಯೇ ಬರಲಿಲ್ಲ. ಜೂನ್‌ನಲ್ಲಿ ಹಿಮ ಬಿದ್ದು ಮೆಕ್ಕೆಜೋಳ ಸುಟ್ಟುಹೋಯಿತು. ಕಲ್ಲುನೆಲದಲ್ಲಿ ಹೇಗೋ ಏಗುತ್ತಿದ್ದ ಎಷ್ಟೋ ಕುಟುಂಬಗಳು ಗಾಡಿ ಕಟ್ಟಿದವು. ನಮ್ಮ ರೈತ ಒಹಾಯೊದ ತೆರಿಗೆ ಪಟ್ಟಿಯಲ್ಲಿ ಮೊದಲು ಕಾಣುವುದೂ 1817ರಲ್ಲಿ.

ಅದೇ ಪಟ್ಟಿಯಲ್ಲಿ ಅದೇ ಅಡ್ಡಹೆಸರಿನ ಒಬ್ಬ ಮುದುಕನೂ ಇದ್ದ. ಅಪ್ಪ ಇರಬಹುದು, ಚಿಕ್ಕಪ್ಪ ಇರಬಹುದು. ನಾನು ಇವನಿಗೆ ‘ಒಹಾಯೊ ಅಜ್ಜ’ ಅಂತ ಹೆಸರಿಟ್ಟೆ. ವಯಸ್ಸು ನೋಡಿದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿರಬಹುದಾದ ತಲೆಮಾರು. ಹಾಗಾಗಿ ನ್ಯಾಷನಲ್ ಆರ್ಕೈವ್ಸ್‌ನ ಪೆನ್ಷನ್ ಕಡತ ತೆಗೆದೆ. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ನಾನು ಮೊದಲು ಹೇಳುವುದು ಇದನ್ನೇ. ಆ ಯುದ್ಧದ ಸೈನಿಕರಿಗಾಗಿ ಮಾಡಿದ 1818ರ ಪೆನ್ಷನ್ ಕಾಯಿದೆ ಬಡವರಿಗೆ ಮಾತ್ರ ಅನ್ವಯಿಸುತ್ತಿತ್ತು. 1832ರ ಕಾಯಿದೆಗೆ ಆ ಷರತ್ತು ಇರಲಿಲ್ಲ. ಮುದುಕರು ತಮ್ಮ ಕೌಂಟಿಯ ಕೋರ್ಟಿಗೆ ಹೋಗಿ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು. ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯಾ? ಸೈನ್ಯಕ್ಕೆ ಸೇರುವಾಗ ಎಲ್ಲಿದ್ದೆ? ಯುದ್ಧವಾದ ಮೇಲೆ ಎಲ್ಲೆಲ್ಲಿ ಬದುಕಿದೆ? ಈ ಪ್ರಶ್ನೆಗಳನ್ನು ಸರ್ಕಾರವೇ ಗೊತ್ತುಮಾಡಿತ್ತು. ವಂಶ ಹುಡುಕುವವರಿಗೆ ಬೇಕಾಗಿದ್ದನ್ನೆಲ್ಲ ಮೊದಲೇ ತಿಳಿದು ಕೇಳಿದ ಹಾಗಿದೆ. ವಿಧವೆಯರು ಅರ್ಜಿ ಹಾಕಿದ್ದರೆ ಇನ್ನೂ ಒಳ್ಳೆಯದು. ಮದುವೆಗೆ ಸಾಕ್ಷಿ ಬೇಕಲ್ಲ ಅಂತ ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹೆಸರು ಬರೆದಿದ್ದ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಅವು ಇವತ್ತಿಗೂ ಕಡತದಲ್ಲೇ ಇವೆ.

ಒಹಾಯೊ ಅಜ್ಜ ತಾನು 1760ರಲ್ಲಿ ಮ್ಯಾಸಚೂಸೆಟ್ಸ್‌ನ ಕನೆಕ್ಟಿಕಟ್ ನದಿ ದಂಡೆಯ ನಾರ್ಥಾಂಪ್ಟನ್‌ನಲ್ಲಿ ಹುಟ್ಟಿದೆ, ಆಮೇಲೆ ಹ್ಯಾಂಪ್‌ಶೈರ್ ಕೌಂಟಿಯ ಬೆಟ್ಟದ ಊರೊಂದರಲ್ಲಿ ಇದ್ದೆ, ಅಲ್ಲಿಂದ ಮಗನ ಜೊತೆ ಇಲ್ಲಿಗೆ ಬಂದೆ ಅಂತ ಹೇಳಿದ್ದ. ಮಗನ ಹೆಸರನ್ನೂ ಹೇಳಿದ್ದ. ಒಂದೇ ಕಾಗದದಲ್ಲಿ ನಡುವಿನ ಕಂದಕ ಮುಚ್ಚಿತು.

ನಾರ್ಥಾಂಪ್ಟನ್‌ನಲ್ಲಿ ಬೇರೆ ತರದ ತಲೆನೋವು. ಎರಡು ವರ್ಷದ ಅಂತರದಲ್ಲಿ ಹುಟ್ಟಿದ, ಒಹಾಯೊ ಅಜ್ಜನ ಹೆಸರಿನವರೇ ಇಬ್ಬರು ಹುಡುಗರು, ಅಣ್ಣತಮ್ಮಂದಿರ ಮಕ್ಕಳು. ದಾಖಲೆಗಳಲ್ಲಿ ಒಬ್ಬನಿಗೆ ಸೀನಿಯರ್, ಇನ್ನೊಬ್ಬನಿಗೆ ಜೂನಿಯರ್ ಅಂತ ಹಾಕಿದ್ದಾರೆ. ಆ ಕಾಲದಲ್ಲಿ ಇದರಿಂದ ಅಪ್ಪ-ಮಗ ಅಂತ ತಿಳಿಯಬಾರದು. ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು ಸೀನಿಯರ್, ಅಷ್ಟೇ. ದೊಡ್ಡವನು ಸತ್ತರೆ ಜೂನಿಯರೇ ಸೀನಿಯರ್ ಆಗುತ್ತಾನೆ. ಆನ್‌ಲೈನ್ ಮರಗಳಲ್ಲಿ ಈ ಇಬ್ಬರನ್ನೂ ಸೇರಿಸಿ ಒಬ್ಬನೇ ಮನುಷ್ಯನಿಗೆ ಇಬ್ಬರು ಹೆಂಡಿರು, ಇಪ್ಪತ್ತರ ಹತ್ತಿರ ಮಕ್ಕಳು ಕಟ್ಟಿಬಿಟ್ಟಿದ್ದರು.

ಇಬ್ಬರನ್ನೂ ಬಿಡಿಸಲು ಅಪ್ಪನ ವಿದ್ಯೆ ಕೆಲಸಕ್ಕೆ ಬಂತು. ಇಬ್ಬರ ಹೆಸರಿನ ಪತ್ರಗಳನ್ನೂ ಸಾಲಾಗಿ ಜೋಡಿಸಿದೆ. ಕಸುಬು, ಹೆಂಡತಿ, ಅಕ್ಕಪಕ್ಕದ ಜಮೀನಿನವರು, ಸಾಕ್ಷಿಗಳು, ಎಲ್ಲಾ ಒಂದು ಹಾಳೆಗೆ ಬರೆದೆ. ಗಂಡ ಜಮೀನು ಮಾರುವಾಗ ಹೆಂಡತಿ ತನ್ನ ಮೂರನೇ ಒಂದು ಪಾಲಿನ ಜೀವನಾಂಶದ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕುತ್ತಿದ್ದಳು. ಅವಳ ಹೆಸರು ಸಿಗುವುದು ಅಲ್ಲಿ. ಒಬ್ಬ ಬಡಗಿ, ಇನ್ನೊಬ್ಬ ಬರೀ ಬೇಸಾಯದವನು. ಬಡಗಿ ಬೆಟ್ಟದ ಊರಿಗೆ ಹೋದ ಮೇಲೆ ನದಿ ದಂಡೆಯ ಹುಲ್ಲುಗಾವಲಿನಲ್ಲಿ ತನ್ನ ಆರನೇ ಒಂದು ಪಾಲನ್ನು ತಮ್ಮನಿಗೆ ಮಾರಿದ್ದಾನೆ. ಹೆಂಡತಿಯ ಹೆಸರು ಪೆನ್ಷನ್ ಕಡತದಲ್ಲಿದ್ದದ್ದೇ.

ಆರನೇ ಒಂದು ಪಾಲು ಅಂದರೆ ಆರು ಮಕ್ಕಳು ಅಂತ ಅವಸರದಲ್ಲಿ ಬರೆದುಕೊಳ್ಳಬೇಡಿ. ವಸಾಹತು ಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಉಯಿಲಿಲ್ಲದೆ ಸತ್ತರೆ ಹಿರೇ ಮಗನಿಗೆ ಎರಡು ಪಾಲು. ಐದು ಮಕ್ಕಳಿದ್ದರೆ ಆಸ್ತಿಯನ್ನು ಆರು ಮಾಡಬೇಕು. ಇವನ ಮನೆಯಲ್ಲಿ ಐದೇ ಮಕ್ಕಳು. ದಾಯಾದಿ ಮನೆಯ ಲೆಕ್ಕ ಹೀಗೆ ಕೂಡುತ್ತಿರಲಿಲ್ಲ, ಅಲ್ಲಿಗೆ ಅನುಮಾನ ಮುಗಿಯಿತು, ಬಡಗಿಯೇ ಒಹಾಯೊ ಅಜ್ಜ. ಇನ್ನೊಂದು ಮಾತು: ಅಪ್ಪ ಸತ್ತ ವರ್ಷದ ಪತ್ರ ನೋಡಿ ನಿಲ್ಲಿಸಬೇಡಿ. ವಿಧವೆಯ ಪಾಲು ಅವಳು ಸತ್ತ ಮೇಲೆ ಮತ್ತೆ ಹಂಚಿಕೆಯಾಗುತ್ತಿತ್ತು. ಕೆಲವರು ಪತ್ರ ಬರೆಸಿ ಹತ್ತಾರು ವರ್ಷ ಪೆಟ್ಟಿಗೆಯಲ್ಲಿಟ್ಟು, ಜಗಳ ಬಂದಾಗ ರಿಜಿಸ್ಟರ್ ಮಾಡಿಸುತ್ತಿದ್ದರು. ಇದು ನಮ್ಮೂರಲ್ಲೂ ನಡೆಯುವುದೇ.

ಇವೆಲ್ಲ ಬಹಳಷ್ಟು ಮನೆಯಲ್ಲೇ ಕೂತು ನೋಡಿದ್ದು. ಫ್ಯಾಮಿಲಿಸರ್ಚ್ ತಾಣ ಪುಕ್ಕಟೆ. ಅಲ್ಲಿ ಕೈಬರಹದ ಪತ್ರಗಳನ್ನು ಕಂಪ್ಯೂಟರೇ ಓದಿ ಹುಡುಕಿಕೊಡುವ ಸೌಲಭ್ಯ 2024ರಿಂದ ಬಂದಿದೆ. ಸಾಕ್ಷಿಯಾಗಿ ಮಾತ್ರ ಸಹಿ ಹಾಕಿದವನ ಹೆಸರೂ ಸಿಗುತ್ತದೆ. ಹಳೇ ಇಂಡೆಕ್ಸ್‌ನಲ್ಲಿ ಕೊಟ್ಟವರು, ಕೊಂಡವರ ಹೆಸರು ಮಾತ್ರ ಇರುತ್ತಿತ್ತು. ಕೌಂಟಿ ಗಡಿಗಳ ಮೇಲೆ ಒಂದು ಕಣ್ಣಿರಬೇಕು. ಹ್ಯಾಂಪ್‌ಶೈರ್ ಕೌಂಟಿಯಿಂದ 1761ರಲ್ಲಿ ಬರ್ಕ್‌ಶೈರ್, 1811ರಲ್ಲಿ ಫ್ರಾಂಕ್ಲಿನ್, 1812ರಲ್ಲಿ ಹ್ಯಾಂಪ್‌ಡನ್ ಒಡೆದುಕೊಂಡವು. ಮನೆ ಅಲ್ಲೇ ಇದ್ದರೂ ಕಡತ ಬೇರೆ ಆಫೀಸಿನಲ್ಲಿರುತ್ತದೆ.

ನಾರ್ಥಾಂಪ್ಟನ್‌ನಿಂದ ಹಿಂದಕ್ಕೆ ದಾರಿ ಸಲೀಸಾಯಿತು. 1654ರಲ್ಲಿ ಆ ಊರು ಕಟ್ಟಿದವರಲ್ಲಿ ಅನೇಕರು ಅದೇ ನದಿಯ ಕೆಳಗೆ ಕನೆಕ್ಟಿಕಟ್ ರಾಜ್ಯದಲ್ಲಿರುವ ವಿಂಡ್ಸರ್, ಹಾರ್ಟ್‌ಫರ್ಡ್‌ನಿಂದ ಬಂದವರು. ವಿಂಡ್ಸರ್‌ನಲ್ಲಿ ಮ್ಯಾಥ್ಯೂ ಗ್ರಾಂಟ್ ಅನ್ನುವ ಊರಿನ ಗುಮಾಸ್ತ ಜನನ, ಮದುವೆಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾನೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಯುಲಿಸಿಸ್ ಗ್ರಾಂಟ್ ಅವನದೇ ವಂಶದವರು. ನಮ್ಮ ಹೆಳವರು ಎತ್ತಿನ ಜೊತೆ ಊರಿಗೆ ಬಂದು ಮನೆತನದ ಹೆಸರುಗಳನ್ನು ಸರಸರ ಹೇಳುವುದನ್ನು ಕೇಳಿ ಬೆಳೆದವಳು ನಾನು. ಗ್ರಾಂಟ್‌ನ ಪುಟ ಓದುವಾಗ ಅವರೇ ನೆನಪಾದರು.

ತಾರೀಖು ಮಾತ್ರ ಹುಷಾರಾಗಿ ಓದಬೇಕು. 1752ಕ್ಕೆ ಮೊದಲು ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಮೊದಲನೇ ತಿಂಗಳು ಅಂತ ಬರೆದಿದ್ದರೆ ಅದು ಮಾರ್ಚ್. 1698ರ ಏಪ್ರಿಲ್‌ನಲ್ಲಿ ಮದುವೆ, 1698ರ ಫೆಬ್ರವರಿಯಲ್ಲಿ ಮಗು ಅಂತ ಇದ್ದರೆ ಗಾಬರಿ ಬೇಡ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1699. ಪಾಪ, ಆ ಹುಡುಗಿಯ ಮಾನ ಉಳಿಯಿತು.

ಹೆಣ್ಣುಮಕ್ಕಳ ತವರು ಹುಡುಕುವುದೇ ಎಲ್ಲಕ್ಕಿಂತ ಕಷ್ಟ. ‘ಹೆಂಡತಿ ಮೇರಿ’ ಅಂತ ಬರೆದು ಮುಗಿಸಿರುತ್ತಾರೆ. ಅವಳಪ್ಪನ ಉಯಿಲು ಸಿಕ್ಕಿದರೆ ಮಾತ್ರ ಇಂಥವನ ಹೆಂಡತಿಯಾದ ನನ್ನ ಮಗಳಿಗೆ ಇಷ್ಟು ಪೌಂಡ್, ಒಂದು ಹಿತ್ತಾಳೆ ಕೊಳಗ ಅಂತ ಇರುತ್ತದೆ. ಅದಕ್ಕಾಗಿ ಗಂಡನ ಊರಿನಲ್ಲಿ ಹೆಣ್ಣು ಕೊಡಬಹುದಾಗಿದ್ದ ಮನೆಗಳ ಉಯಿಲುಗಳನ್ನೆಲ್ಲ ಓದಿದೆ. ಎರಡು ತಲೆಮಾರಿನ ಅಜ್ಜಿಯರಿಗೆ ತವರು ಸಿಕ್ಕಿತು. ಉಳಿದ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ. ಡಿಎನ್‌ಎ ಪರೀಕ್ಷೆ ಒಹಾಯೊ ಅಜ್ಜನ ತಲೆಮಾರಿನವರೆಗೆ ಸ್ವಲ್ಪ ಬೆಂಬಲ ಕೊಟ್ಟಿತು. ಅದಕ್ಕಿಂತ ಹಿಂದೆ ನಂಬುವ ಹಾಗಿಲ್ಲ. ಆ ಕಣಿವೆಯಲ್ಲಿ ಅವರವರೇ ಕೊಟ್ಟು ತಂದು ಮಾಡಿದ್ದಾರೆ, ಯಾವ ಕಡೆಯಿಂದ ಬಂದ ರಕ್ತ ಅಂತ ಹೇಳುವುದು ಕಷ್ಟ.

ಸತ್ತವರ ಆಸ್ತಿಪಟ್ಟಿಗಳು ಓದಲು ಬಲು ಚಂದ. ಗರಿಯ ಹಾಸಿಗೆ, ನೂಲುವ ರಾಟೆ, ಕಬ್ಬಿಣದ ಮಡಕೆ, ಹಂದಿ, ಎಲ್ಲಕ್ಕೂ ಬೆಲೆ. 1700ರ ದಶಕದ ಅಂಥ ಒಂದು ಪಟ್ಟಿಯಲ್ಲಿ ದನಗಳ ಕೆಳಗೆ ಒಬ್ಬ ಗುಲಾಮ ಹುಡುಗನಿದ್ದ. ಅವನಿಗೂ ಬೆಲೆ ಹಾಕಿದ್ದರು. ನಮ್ಮತ್ತೆ ಆ ಸಾಲನ್ನು ಸುಮ್ಮನೆ ನೋಡಿದರು, ಇದನ್ನು ಬಿಡಬೇಡ, ಬರಿ ಅಂದರು. ಗುಲಾಮಗಿರಿ ದಕ್ಷಿಣದವರ ವ್ಯವಹಾರ ಅಂತಲೇ ಅವರ ಮನೆಯಲ್ಲಿ ಮಾತಿತ್ತಂತೆ. ಹಾಗೆಯೇ ಆ ಹುಲ್ಲುಗಾವಲಿನ ಪತ್ರಗಳನ್ನು ಹಿಂದೆ ಹಿಂದೆ ಹಿಡಿದು ಹೋದರೆ ಕೊನೆಗೆ ಸಿಗುವುದು ಅಲ್ಲಿನ ಮೂಲನಿವಾಸಿಗಳಾದ ನೋನೊಟಕ್ ಜನ 1653ರಲ್ಲಿ ಮಾಡಿಕೊಟ್ಟ ಪತ್ರ. ಬದಲಿಗೆ ಕೊಟ್ಟಿದ್ದು ವಾಂಪಮ್ ಅನ್ನುವ ಚಿಪ್ಪಿನ ಮಣಿಸರ, ಕೋಟುಗಳು. ಅವರ ಮುಖಂಡರು ಸಹಿಯ ಜಾಗದಲ್ಲಿ ಗುರುತು ಹಾಕಿದ್ದಾರೆ. ನಾನು ಕಟ್ಟಿದ ಕಡತದಲ್ಲಿ ಈ ಎರಡಕ್ಕೂ ಒಂದೊಂದು ಪುಟ ಇಟ್ಟೆ.

ವಿಂಡ್ಸರ್‌ನ ಈ ವಂಶದ ಮೊದಲ ಮನುಷ್ಯ 1630ರ ‘ಮೇರಿ ಅಂಡ್ ಜಾನ್’ ಹಡಗಿನಲ್ಲಿ ಬಂದ ಅಂತ ಮುದ್ರಿತ ವಂಶಾವಳಿ ಹೇಳುತ್ತದೆ. ಆ ಹಡಗಿನ ಪ್ರಯಾಣಿಕರ ಪಟ್ಟಿ ಉಳಿದೇ ಇಲ್ಲ. ಈಗ ಓಡಾಡುವ ಪಟ್ಟಿಗಳು ಆಮೇಲೆ ಊಹಿಸಿ ಕಟ್ಟಿದವು. ಹಾಗಾಗಿ ನಾನು ವಿಂಡ್ಸರ್‌ನಲ್ಲಿ ಅವನಿಗೆ ಸಿಕ್ಕ ಜಮೀನಿನ ದಾಖಲೆಯಿಂದ ಶುರು ಮಾಡಿ, ಹಡಗಿನ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯ ಜೊತೆ ಹಾಕಿದ್ದೇನೆ. ಇಂಗ್ಲೆಂಡಿನ ಡಾರ್ಸೆಟ್, ಸಾಮರ್‌ಸೆಟ್ ಕಡೆ ಅದೇ ಹೆಸರಿನ ದೀಕ್ಷಾಸ್ನಾನದ ದಾಖಲೆ ಬೇಕಾದಷ್ಟಿವೆ. ಯಾವುದು ಇವನದು ಅಂತ ತೋರಿಸುವ ಉಯಿಲು ಸಿಗುವವರೆಗೆ ಅದರಲ್ಲಿ ಯಾವುದನ್ನೂ ಮರಕ್ಕೆ ಹಾಕುವುದಿಲ್ಲ. ಲಾಂಛನದ ಸಿಂಹ ಇನ್ನೂ ಬೇಕಾ ಅಂತ ನಮ್ಮತ್ತೆಯನ್ನು ಕೇಳಿದೆ. ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ, ಇರಲಿ ಬಿಡು ಅಂದರು.