ಆಟಿಯ ಜಗಲಿಯಲ್ಲಿ ಒಣಗಿದ ಬಟ್ಟೆಗೆ ಮಾತ್ರ ಟಿಕೆಟು

ತುಳುನಾಡಿನ ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ಹೊತ್ತಿನಲ್ಲಿ, ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಜೈಸಲ್ಮೇರ್, ಅಮೃತಸರ, ಮನಾಲಿ, ಕೊನೆಗೆ ರಸ್ತೆ ದಾರಿಯಲ್ಲಿ ಲೇಹ್. ಹೊರಡುವಾಗ ಇಲ್ಲಿ ಬಿಡದ ಮಳೆ; ಜೈಸಲ್ಮೇರಿನಲ್ಲಿ ಮರಳು ಸುಡುವ ಬಿಸಿಲು; ಲೇಹ್ ದಾರಿಯ, 5,300 ಮೀಟರ್ ಮೀರಿದ ತಂಗ್ಲಂಗ್ ಲಾ ಎಂಬ ಕಣಿವೆದಾರಿಯಲ್ಲಿ ಹಲ್ಲು ಕಟಕಟ ಎನ್ನಿಸುವ ಗಾಳಿ. ಇಷ್ಟಕ್ಕೂ ಒಂದೇ ಬೆನ್ನುಚೀಲ. ಅದನ್ನು ಕಂಡ ನೆರೆಮನೆಯವರು, ಉಪ್ಪಳಕ್ಕೆ ಹೋಗಿ ಸಂಜೆಗೆ ಬರುವುದೋ ಎಂದು ಕೇಳಿದರು.

ದೆಹಲಿಯಿಂದ ಮಂಗಳೂರಿಗೆ ಮರಳುವುದು ವಿಮಾನದಲ್ಲಿ. ದೇಶದೊಳಗಿನ ವಿಮಾನಗಳಲ್ಲಿ ಜೊತೆಗೆ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಹಾಗಾಗಿ ಮೊದಲು ಆ ಅಂಕಿಯನ್ನು ಹಿಡಿದುಕೊಂಡೆ. ಏನೇನು ಬೇಕು ಎಂಬ ಪಟ್ಟಿ ಆಮೇಲೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ, ಚೀಲವನ್ನು ಅದರ ಕೊಕ್ಕೆಗೆ ಸಿಕ್ಕಿಸಿ ನೋಡುತ್ತಿದ್ದೆ. ಮುಳ್ಳು ಏಳರತ್ತ ಸರಿದರೆ ಏನಾದರೊಂದು ಹೊರಗೆ.

ಎಷ್ಟು ದಿನದ ಪ್ರವಾಸ ಎಂದು ಎಣಿಸಿ ಬಟ್ಟೆ ತುಂಬುವ ಪದ್ಧತಿ ನನ್ನದಲ್ಲ. ಯಾವ ಬಟ್ಟೆ ಎಷ್ಟು ಬೇಗ ಒಣಗುತ್ತದೆ ಎಂದು ನೋಡುತ್ತೇನೆ. ಇದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಸೋಣಕ್ಕೆ ಮೊದಲಿನ ಮಳೆಯ ತಿಂಗಳಾದ ಆಟಿಯಲ್ಲಿ, ಗೋಡೆಯೇ ಬೆವರುವ ಹೊತ್ತಿನಲ್ಲಿ, ರಾತ್ರಿ ಊಟದ ಬಳಿಕ ಬಟ್ಟೆ ಒಗೆದು ಜಗಲಿಯ ಹಗ್ಗಕ್ಕೆ ಹಾಕುತ್ತೇನೆ. ಬೆಳಗಿನ ಕಾಫಿಗೆ ಮೊದಲು ಕಂಕುಳ ಹೊಲಿಗೆ ಮತ್ತು ಸೊಂಟಪಟ್ಟಿಯನ್ನು ಮುಟ್ಟಿ ನೋಡುತ್ತೇನೆ. ಅಲ್ಲಿ ತೇವವಿದ್ದರೆ ಅದು ಮನೆಯಲ್ಲೇ ಉಳಿಯುತ್ತದೆ. ದಪ್ಪ ಜೀನ್ಸ್ ಮೂರನೆಯ ದಿನವೂ ಒಣಗದೆ ಮುಗ್ಗಲು ವಾಸನೆ ಹೊಡೆಯಿತು. ಪಾಲಿಯೆಸ್ಟರ್ ಅಂಗಿ ಸಲೀಸಾಗಿ ಪಾಸಾಯಿತು. ಹತ್ತಿಯ ಎಳೆ ತನ್ನೊಳಕ್ಕೇ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಎಳೆಯಲ್ಲಿ ನೀರು ಬಹುಪಾಲು ಹೊರಮೈಯಲ್ಲೇ ನಿಲ್ಲುತ್ತದೆ. ಆದರೆ ಪಾಲಿಯೆಸ್ಟರಿಗೆ ಬೆವರಿನ ನಾತ ಬೇಗ ಅಂಟುತ್ತದೆ. ದಿನವೂ ಒಗೆಯಲು ಸೋಮಾರಿತನವಿರುವವರಿಗೆ ಅದು ಹೇಳಿದ್ದಲ್ಲ.

ಈ ಪರೀಕ್ಷೆಯಲ್ಲಿ ಗೆದ್ದ ಹತ್ತಿಯ ವಸ್ತು ಒಂದೇ: ಮೈ ಒರಸುವ ನಮ್ಮ ಬೈರಾಸು. ತೆಳ್ಳಗೆ, ಅಗಲವಾಗಿ, ಜಾಳು ನೇಯ್ಗೆ. ಟರ್ಕಿ ಟವೆಲ್ಲಿನ ಕಾಲುಭಾಗ ತೂಕವೂ ಇರಲಿಕ್ಕಿಲ್ಲ. ಜೈಸಲ್ಮೇರಿನ ಹೊರಗಿನ ಮರಳ ದಿಬ್ಬಗಳಲ್ಲಿ ಒದ್ದೆ ಮಾಡಿ ತಲೆಗೆ ಸುತ್ತಿಕೊಂಡೆ. ಅಮೃತಸರದ ಸ್ವರ್ಣಮಂದಿರದಲ್ಲಿ ತಲೆ ಮುಚ್ಚಿರಲೇಬೇಕು, ಅಲ್ಲಿಗೂ ಅದೇ. ಲೇಹ್ ರಸ್ತೆಯ ಧೂಳಿಗೆ ಮೂಗಿನ ಮೇಲೆ. ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಒಗೆಯುವ ಹೊತ್ತಿಗೆ: ಒಗೆದ ಅಂಗಿಯನ್ನು ಒಣ ಬೈರಾಸಿನ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುರುಳಿ ಸುತ್ತಿ, ಎರಡು ತುದಿ ಹಿಡಿದು ಬಲವಾಗಿ ಹಿಂಡಿದರೆ ಅಂಗಿಯ ನೀರೆಲ್ಲ ಬೈರಾಸಿಗೆ ಬರುತ್ತದೆ. ಅಮೃತಸರದ ಸೆಕೆಯಲ್ಲೂ ಬೆಳಗಾಗುವಷ್ಟರಲ್ಲಿ ಅಂಗಿ ತಯಾರು. ಲೇಹ್‌ನಲ್ಲಿ ಈ ಸರ್ಕಸ್ ಬೇಡ, ಅಲ್ಲಿನ ಒಣ ಗಾಳಿಯೇ ನೋಡಿಕೊಳ್ಳುತ್ತದೆ.

ಚಳಿಗೆ ದಪ್ಪ ಕೋಟು ಒಯ್ಯಲಿಲ್ಲ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಮಧ್ಯಾಹ್ನ ಒಂದೇ ಅಂಗಿಯಲ್ಲಿ ಓಡಾಡಿದವನು ಸೂರ್ಯ ಮುಳುಗಿದ ಕೂಡಲೇ ನಡುಗುತ್ತಾನೆ. ಒಂದು ದಪ್ಪ ಕೋಟಿದ್ದರೆ ತೊಟ್ಟರೆ ಬೆವರು, ತೆಗೆದರೆ ಚಳಿ. ಮೈಗೆ ಅಂಟಿದಂತೆ ಮೆರಿನೊ ಉಣ್ಣೆಯ ಬನಿಯನ್, ಅದರ ಮೇಲೆ ತೆಳು ಫ್ಲೀಸ್, ಎಲ್ಲದರ ಮೇಲೆ ಮಳೆಯ ಜಾಕೆಟ್ಟು, ಇಷ್ಟೇ. ಕಾಸರಗೋಡು ಸ್ಟೇಷನ್ನಿನಲ್ಲಿ ಮಳೆ ತಡೆದ ಜಾಕೆಟ್ಟೇ ತಂಗ್ಲಂಗ್ ಲಾದಲ್ಲಿ ಗಾಳಿ ತಡೆಯಿತು. ಇನ್ನೂ ಬೇಕೆನಿಸಿದರೆ ಮನಾಲಿಯಲ್ಲೂ ಲೇಹ್‌ನಲ್ಲೂ ದಪ್ಪ ಜಾಕೆಟ್ಟು ಬಾಡಿಗೆಗೆ ಸಿಗುತ್ತದೆ. ಒಂದೆರಡು ದಿನದ ಚಳಿಗಾಗಿ ಅದನ್ನು ರಾಜಸ್ಥಾನವಿಡೀ ಹೊತ್ತು ತಿರುಗುವುದು ನನ್ನ ಬೆನ್ನಿಗೆ ಒಪ್ಪಿಗೆಯಿಲ್ಲ.

ಕಾಲಿಗೆ ನಡಿಗೆಯ ಬೂಟು, ಚೀಲದಲ್ಲಿ ಒಂದು ಜೊತೆ ಚಪ್ಪಲಿ. ಭಾರದ್ದು ಯಾವಾಗಲೂ ಮೈಮೇಲೆ. ಮೈಗೂ ಬಟ್ಟೆಗೂ ಒಂದೇ ಸಾಬೂನು. ಪವರ್ ಬ್ಯಾಂಕ್ ವಿಮಾನದಲ್ಲಿ ನಮ್ಮ ಜೊತೆಗೇ ಇರಬೇಕು, ಒಳಗೆ ಕಳುಹಿಸುವ ಸಾಮಾನಿನಲ್ಲಿ ಹಾಕುವಂತಿಲ್ಲ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ರಾತ್ರಿ ಮೊಬೈಲನ್ನೂ ಅದನ್ನೂ ಹೊದಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದೆ. ಔಷಧಿಯಲ್ಲಿ ಮಾತ್ರ ಜಿಪುಣತನ ಇಲ್ಲ. ಎತ್ತರದ ಕಾಯಿಲೆಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಂಡೆ.

ತೆಂಗಿನೆಣ್ಣೆ ಇಲ್ಲದೆ ನಮ್ಮ ಕಡೆಯವರು ಹೊಸ್ತಿಲು ದಾಟುವುದಿಲ್ಲ. ಲೇಹ್‌ನ ಒಣ ಗಾಳಿಗೆ ಒಡೆಯುವ ತುಟಿ, ಹಿಮ್ಮಡಿಗೆ ಅದು ನಿಜವಾಗಿಯೂ ಬೇಕು. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಸಣ್ಣ ಬಾಯಿಯ ಬಾಟಲಿಯನ್ನು ಎಷ್ಟು ಅಲ್ಲಾಡಿಸಿದರೂ ಹನಿ ಬೀಳುವುದಿಲ್ಲ. ಅಗಲ ಬಾಯಿಯ ಪುಟ್ಟ ಡಬ್ಬಿಯಲ್ಲಿ ಒಯ್ದೆ: ಕಾಸರಗೋಡಿನಲ್ಲಿ ಎಣ್ಣೆ, ಲೇಹ್‌ನಲ್ಲಿ ಬೆರಳಿನಲ್ಲಿ ಕೆರೆದು ತೆಗೆಯುವ ಮುಲಾಮು.

ದಾರಿಯಲ್ಲಿ ಕೊಂಡದ್ದು ಚೀಲಕ್ಕೆ ಸೇರಬಾರದೆಂಬುದು ನನ್ನ ಕಟ್ಟುನಿಟ್ಟು. ಅಮೃತಸರದಲ್ಲಿ ಮಸಾಲೆ ಹಾಕಿ ಒಣಗಿಸಿದ ಉದ್ದಿನ ವಡಿ ಕಂಡು ಆಸೆಯಾಯಿತು. ಕೊಂಡು, ಅಂಚೆಯಲ್ಲಿ ಮನೆಗೆ ಪಾರ್ಸೆಲ್ ಹಾಕಿದೆ. ನಾನು ಮರಳುವ ಹೊತ್ತಿಗೆ ಅದು ತಲುಪಿ, ಸೌತೆಕಾಯಿ ಹುಳಿಗೆ ಬಿದ್ದು, ಖಾಲಿಯೂ ಆಗಿತ್ತು.