ಬೈಕಿನ ರೂಢಿಯನ್ನು ಕೆಳಗಿಟ್ಟು ಹತ್ತಬೇಕಾದ ಗಾಡಿ: ಹಕೋ ಬೆಟ್ಟಗಳಲ್ಲಿ ಅರ್ಧ ದಿನದ ಎಟಿವಿ ಸವಾರಿ

ಕೋಸ್ಟರಿಕಾದ ಪೆಸಿಫಿಕ್ ಕರಾವಳಿಯಲ್ಲಿರುವ ಹಕೋ ಪಟ್ಟಣವು ರಾಜಧಾನಿ ಸ್ಯಾನ್ ಹೋಸೆಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಊರಿನ ಮುಖ್ಯ ಬೀದಿಯಲ್ಲಿ ನಡೆದುಹೋದರೆ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ, ದಪ್ಪ ಟೈರಿನ ನಾಲ್ಕು ಚಕ್ರದ ತೆರೆದ ಗಾಡಿ) ಪ್ರವಾಸದ ಫಲಕಗಳು ಒಂದರ ಹಿಂದೆ ಒಂದು ಕಣ್ಣಿಗೆ ಬೀಳುತ್ತವೆ. ಎಲ್ಲ ಫಲಕಗಳಲ್ಲೂ ಅದೇ ಕೆಸರು, ಅದೇ ಜಲಪಾತ, ಅದೇ ನಗುಮುಖಗಳು. ಹೂಸ್ಟನ್ನಿನಿಂದ ಬೇಸಿಗೆ ರಜೆಗೆಂದು ಜುಲೈ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದ ನಾನು ಮತ್ತು ನನ್ನ ಹೆಂಡತಿ ಮಾರ್ಗದರ್ಶಿಯ ಜೊತೆ ಅರ್ಧ ದಿನದ ಸವಾರಿ ಮಾಡುವುದೆಂದು ನಿಶ್ಚಯಿಸಿದೆವು. ಇಬ್ಬರೂ ಕರ್ನಾಟಕದ ಕರಾವಳಿಯವರು, ಕಾಲೇಜು ದಿನಗಳಿಂದ ಸ್ಕೂಟರು, ಬೈಕುಗಳನ್ನು ಓಡಿಸಿದವರು. ಈ ಬರಹ ಮುಖ್ಯವಾಗಿ ಅಂಥವರಿಗಾಗಿ. ಎಟಿವಿಯ ಹ್ಯಾಂಡಲ್ ಬೈಕಿನ ಹ್ಯಾಂಡಲ್ಲಿನಂತೆಯೇ ಕಾಣುವುದರಿಂದ ಬೈಕು ಗೊತ್ತಿದ್ದವರಿಗೆ ಇದು ಸುಲಭವೆಂದು ತೋರುತ್ತದೆ. ವಾಸ್ತವದಲ್ಲಿ ಬೈಕು ಕಲಿಸಿದ ಹಲವು ರೂಢಿಗಳನ್ನು ಈ ಗಾಡಿಯ ಮೇಲೆ ಬಿಡಬೇಕಾಗುತ್ತದೆ.

ಪ್ರವಾಸ ನಡೆಸುವವರನ್ನು ಆರಿಸುವಾಗ ನಾನು ದರವನ್ನು ಕೊನೆಗೆ ಕೇಳಿದೆ. ಮೊದಲು ಕೇಳಿದ್ದು ನಿಮ್ಮ ದಾರಿ ಸಮುದ್ರದ ದಂಡೆಯ ಮರಳಿನ ಮೇಲೆ ಹೋಗುತ್ತದೆಯೇ ಎಂದು. ಕೋಸ್ಟರಿಕಾದಲ್ಲಿ ಕಡಲತೀರದ ಮೇಲೆ ವಾಹನ ಓಡಿಸುವುದಕ್ಕೆ ನಿಷೇಧವಿದೆ. 1977ರ ಕರಾವಳಿ ವಲಯದ ಕಾನೂನಿನ ಪ್ರಕಾರ ಉಬ್ಬರದ ಗೆರೆಯಿಂದ ಒಳಗಿನ 200 ಮೀಟರ್ ವಿಶೇಷ ವಲಯವಾಗಿದ್ದು, ಅದರಲ್ಲಿ ಮೊದಲ 50 ಮೀಟರ್ ಸಾರ್ವಜನಿಕರದು. ಹಕೋದ ದಕ್ಷಿಣಕ್ಕೆ ತಾಗಿಕೊಂಡಿರುವ ಪ್ಲಾಯಾ ಎರ್ಮೋಸಾ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ; ನಮ್ಮ ಹೊನ್ನಾವರ, ಕುಂದಾಪುರದ ಮರಳಿಗೆ ಬರುವುದೂ ಇದೇ ಜಾತಿಯ ಆಮೆ. ದಪ್ಪ ಚಕ್ರ ಹೂತುಹೋಗುವ ಮರಳಿನಲ್ಲಿ ಮೊಟ್ಟೆಯ ಗುಂಡಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮಧ್ಯವರ್ತಿ ‘ಬೇಕಾದರೆ ಬೀಚಿಗೂ ಕರೆದುಕೊಂಡು ಹೋಗೋಣ’ ಎಂದಾಗ ನಾವು ಮುಂದಿನ ಅಂಗಡಿಗೆ ನಡೆದೆವು. ಕಾನೂನನ್ನು ಗಿರಾಕಿಗಾಗಿ ಸಡಿಲಿಸುವವನು ಬ್ರೇಕಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರುತ್ತಾನೆಂದು ನಂಬುವುದು ಕಷ್ಟ. ಕೊನೆಗೆ ಆರಿಸಿದವರ ದಾರಿ ಊರಿನ ಹಿಂದಿನ ಬೆಟ್ಟಗಳ ಖಾಸಗಿ ಜಮೀನಿನಲ್ಲಿತ್ತು, ಗುಂಪು ಚಿಕ್ಕದಿತ್ತು ಮತ್ತು ಹೊರಡುವ ಮೊದಲು ಸಮತಟ್ಟಾದ ಜಾಗದಲ್ಲಿ ಓಡಿಸಿ ತೋರಿಸಲೇಬೇಕೆಂಬ ಷರತ್ತಿತ್ತು. ದರ ಸ್ವಲ್ಪ ಹೆಚ್ಚೇ ಆಯಿತು.

ಹೊತ್ತಿನ ಆಯ್ಕೆಯೂ ಮುಖ್ಯ. ಪೆಸಿಫಿಕ್ ಬದಿಯಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆಗಾಲ. ಆದರೆ ಅದು ನಮ್ಮ ಕರಾವಳಿಯಂತೆ ದಿನವಿಡೀ ಸುರಿಯುವ ಮಳೆಯಲ್ಲ. ಬೆಳಿಗ್ಗೆ ಬಿಸಿಲು ಬಂದು, ಮಧ್ಯಾಹ್ನದ ನಂತರ ಬೆಟ್ಟದ ಮೇಲೆ ಮೋಡ ಕಟ್ಟಿ ಮಳೆ ಇಳಿಯುವುದು ಅಲ್ಲಿಯ ವಾಡಿಕೆ. ಆದ್ದರಿಂದ ಬೆಳಗಿನ ಮೊದಲ ತಂಡದಲ್ಲಿಯೇ ಹೆಸರು ಬರೆಸಿದೆವು. ನೆನೆಯುವುದಕ್ಕೆ ಹೆದರಿ ಹಾಗೆ ಮಾಡಿದ್ದಲ್ಲ. ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ, ಕೆಳಗೆ ಬಿಸಿಲಿರುವಾಗಲೇ, ಹೊಳೆಯಲ್ಲಿ ಒಮ್ಮೆಲೇ ನುಗ್ಗಿ ಬರುವುದುಂಟು. ಅಲ್ಲಿನವರು ಅದನ್ನು ‘ಕಾಬೆಸಾ ದೆ ಆಗ್ವಾ’ ಎನ್ನುತ್ತಾರೆ. ಹೊಳೆ ದಾಟುವ ಪ್ರವಾಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳದಿರಲು ಈ ಒಂದು ಕಾರಣವೇ ಸಾಕು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ಕಾಲದಲ್ಲಿ ಹೋಗುವವರಿಗೆ ಈ ಚಿಂತೆ ಇರುವುದಿಲ್ಲ; ಅವರಿಗೆ ಧೂಳಿನ ಚಿಂತೆ ಇರುತ್ತದೆ, ಮೂಗು ಬಾಯಿ ಮುಚ್ಚುವ ಬಟ್ಟೆ ಬೇಕಾಗುತ್ತದೆ.

ಕೌಂಟರಿನಲ್ಲಿ ಇಬ್ಬರಿಗೂ ಒಂದೇ ಗಾಡಿ ಸಾಕು, ಹಣ ಉಳಿಯುತ್ತದೆ ಎಂಬ ಸಲಹೆ ಬಂತು. ಎಟಿವಿಯ ಸೀಟು ಉದ್ದವಾಗಿರುವುದರಿಂದ ಹಿಂದೆ ಒಬ್ಬರು ಕೂರಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಬ್ಬರ ಗಾಡಿಯಲ್ಲಿ ಆ ಉದ್ದವಿರುವುದು ಸವಾರನು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿದು ಕೂರಲೆಂದು. ಹಿಂದೆ ಇನ್ನೊಬ್ಬರು ಕುಳಿತರೆ ಸರಿಯುವ ಜಾಗವೂ ಹೋಗುತ್ತದೆ, ಭಾರವೂ ಹಿಂಚಕ್ರದ ಮೇಲೆ ಬಿದ್ದು ಏರಿನಲ್ಲಿ ಮುಂಭಾಗ ಹಗುರಾಗುತ್ತದೆ. ಇಬ್ಬರಿಗೆಂದೇ ತಯಾರಾದ ಉದ್ದನೆಯ ಮಾದರಿಗಳು ಬೇರೆ ಇವೆ. ನನ್ನ ಹೆಂಡತಿಗೆ ಈ ವಿವರಣೆ ಬೇಕಾಗಿರಲಿಲ್ಲ. ‘ರೀ, ನಿಮ್ಮ ಬೆನ್ನು ನೋಡುತ್ತಾ ಕೂರುವುದಕ್ಕೆ ಇಷ್ಟು ದೂರ ಬರಬೇಕಿತ್ತೇ’ ಎಂದು ಆಕೆ ತನ್ನ ಹೆಸರನ್ನು ಬೇರೆ ಗಾಡಿಗೆ ಬರೆಸಿದಳು.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಚಾಲನಾ ಪರವಾನಗಿ, ಪಾಸ್‌ಪೋರ್ಟು, ಅಪಾಯವನ್ನು ಒಪ್ಪಿಕೊಂಡ ಸಹಿ, ಗಾಡಿಗೆ ಹಾನಿಯಾದರೆಂದು ಕ್ರೆಡಿಟ್ ಕಾರ್ಡಿನ ಮೇಲೆ ತಡೆಹಿಡಿಯುವ ಮೊತ್ತ. ಸಹಿ ಹಾಕುವ ಮೊದಲು ಗಾಡಿಯ ನಾಲ್ಕೂ ಬದಿ, ಕೆಳಗಿನ ಕವಚ, ಹೆಡ್‌ಲೈಟುಗಳ ಫೋಟೋಗಳನ್ನು ಅವರ ಎದುರಿಗೇ ತೆಗೆದುಕೊಂಡೆ, ಯಾರೂ ಬೇಸರಿಸಲಿಲ್ಲ. ಪ್ರವಾಸ ವಿಮೆಯನ್ನು ಮಾತ್ರ ಊರು ಬಿಡುವ ಮೊದಲೇ ಓದಿನೋಡಬೇಕು. ಅನೇಕ ಪಾಲಿಸಿಗಳು ಎಟಿವಿಯನ್ನು ಸಾಹಸ ಕ್ರೀಡೆಯೆಂದು ಎಣಿಸಿ ಹೊರಗಿಡುತ್ತವೆ, ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳಬೇಕಾಗುತ್ತದೆ.

ಉಡುಪಿನ ವಿಷಯದಲ್ಲಿ ಉಷ್ಣವಲಯದ ಸೆಖೆ ನಮ್ಮನ್ನು ದಾರಿ ತಪ್ಪಿಸಬಲ್ಲದು. ಗುಂಪಿನಲ್ಲಿ ಕೆಲವರು ಚಡ್ಡಿ ಚಪ್ಪಲಿಯಲ್ಲಿ ಬಂದಿದ್ದರು, ಚಪ್ಪಲಿಯವರಿಗೆ ಅಲ್ಲಿಯೇ ರಬ್ಬರ್ ಬೂಟು ಹಾಕಿಸಿದರು. ಎಂಜಿನ್ ಮತ್ತು ಸೈಲೆನ್ಸರು ಕಾಲಿನ ಪಕ್ಕದಲ್ಲಿಯೇ ಇರುವುದರಿಂದ ತೆಳುವಾದರೂ ಉದ್ದನೆಯ ಪ್ಯಾಂಟು ಬೇಕು, ಪಾದದ ಗಂಟು ಮುಚ್ಚುವ ಬೂಟು ಬೇಕು. ನಾನು ಕನ್ನಡಕದವನಾದ್ದರಿಂದ ಅದರ ಮೇಲೆಯೇ ಹಾಕಿಕೊಳ್ಳಬಹುದಾದ ಗಾಗಲ್ಸನ್ನು ಹೂಸ್ಟನ್ನಿನಿಂದ ಒಯ್ದಿದ್ದೆ. ಬಾಡಿಗೆ ಹೆಲ್ಮೆಟ್ಟು ಮಳೆಗಾಲದಲ್ಲಿ ಒಳಗೆಲ್ಲ ಒದ್ದೆಯಾಗಿರುತ್ತದೆ, ತಲೆಗೆ ಕಟ್ಟಲು ಹತ್ತಿಯ ಕರವಸ್ತ್ರವಿದ್ದರೆ ಹಿತ. ಸೊಳ್ಳೆಗೆ ಹಚ್ಚುವ ದ್ರಾವಣದಲ್ಲಿರುವ ಡೀಟ್ ಎಂಬ ರಾಸಾಯನಿಕವು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅದನ್ನು ಹಚ್ಚಿದ ಕೈಯಿಂದ ಗಾಗಲ್ಸನ್ನು ಒರೆಸಬಾರದು.

ನಮಗೆ ಸಿಕ್ಕಿದ್ದು ಹೋಂಡಾದ 420 ಸಿಸಿಯ ಗಾಡಿ, ತೂಕ ಸುಮಾರು 250 ಕಿಲೋ. ಗೇರನ್ನು ಎಡಗಾಲಿನಿಂದ ಬದಲಿಸಬೇಕು, ಆದರೆ ಕ್ಲಚ್ ಹಿಡಿಯಿಲ್ಲ. ಎಡಗೈಯ ಹಿಡಿ ಹಿಂದಿನ ಬ್ರೇಕು, ಬಲಗೈಯದು ಮುಂದಿನದು, ಬಲಗಾಲಿನ ಪೆಡಲು ಮತ್ತೆ ಹಿಂದಿನದೇ. ಆ್ಯಕ್ಸಿಲರೇಟರನ್ನು ತಿರುಚುವಂತಿಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಚಿಕ್ಕ ಹಿಡಿಯೊಂದಿದೆ. ಇದಕ್ಕೆ ಕಾರಣವಿದೆ. ಹಳ್ಳದಿಣ್ಣೆಯಲ್ಲಿ ಮೈ ಹಿಂದಕ್ಕೆ ಎಸೆಯಲ್ಪಟ್ಟಾಗ ಸವಾರ ಹ್ಯಾಂಡಲನ್ನು ಎಳೆಯುತ್ತಾನೆ. ತಿರುಚುವ ಹಿಡಿಯಾಗಿದ್ದರೆ ಆ ಎಳೆತಕ್ಕೆ ಎಂಜಿನ್ ಇನ್ನಷ್ಟು ಏರುತ್ತಿತ್ತು. ಹೆಬ್ಬೆರಳಿನ ಹಿಡಿಯಲ್ಲಿ ಆ ಭಯ ಕಡಿಮೆ. ಆದರೂ ಕುಲುಕಾಟಕ್ಕೆ ಬೆರಳು ತಾನಾಗಿ ಒತ್ತಿಬಿಡದಂತೆ ಉಳಿದ ನಾಲ್ಕು ಬೆರಳುಗಳಿಂದ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದಿರಬೇಕೆಂದು ನಮ್ಮ ಮಾರ್ಗದರ್ಶಿ ಪ್ರತಿಯೊಬ್ಬರ ಕೈಯನ್ನೂ ಮುಟ್ಟಿ ತೋರಿಸಿದ.

ತಿರುವಿನಲ್ಲಿ ಬೈಕಿನವರ ಪರೀಕ್ಷೆ ಶುರುವಾಗುತ್ತದೆ. ಬೈಕು ತಾನೇ ವಾಲುತ್ತದೆ, ನಾವು ಅದರೊಡನೆ ವಾಲುತ್ತೇವೆ. ನಾಲ್ಕು ಚಕ್ರದ ಈ ಗಾಡಿ ವಾಲುವುದಿಲ್ಲ. ವಾಲಿದರೆ ಉರುಳಿತೆಂದೇ ಅರ್ಥ. ನಮ್ಮ ಮಾದರಿಯಲ್ಲಿ ಎರಡೂ ಹಿಂಚಕ್ರಗಳು ಒಂದೇ ಅಚ್ಚಿಗೆ ಬಿಗಿದಿದ್ದು ಒಂದೇ ವೇಗದಲ್ಲಿ ತಿರುಗುವುದರಿಂದ, ಹ್ಯಾಂಡಲ್ ತಿರುಗಿಸಿದರೂ ಗಾಡಿ ಕೆಲಕಾಲ ನೇರಕ್ಕೇ ಹೋಗಲು ಹಟ ಮಾಡುತ್ತದೆ. ಆಗ ವೇಗ ಇಳಿಸಿ, ಸೊಂಟದ ಮೇಲಿನ ಭಾಗವನ್ನು ತಿರುವಿನ ಒಳಬದಿಗೆ ಚಾಚಿ, ಹೊರಬದಿಯ ಪಾದವನ್ನು ಒತ್ತಿ ಹಿಡಿದರೆ ಗಾಡಿ ಮಾತು ಕೇಳುತ್ತದೆ. ಇದಕ್ಕಿಂತ ಬಿಡಲು ಕಷ್ಟವಾದ ಇನ್ನೊಂದು ರೂಢಿಯಿದೆ. ವೇಗ ಕಡಿಮೆಯಾದೊಡನೆ, ಗಾಡಿ ಒಂದು ಪಕ್ಕಕ್ಕೆ ಎಳೆದೊಡನೆ, ಬೈಕಿನವನ ಕಾಲು ನೆಲ ಹುಡುಕುತ್ತದೆ. ಎಟಿವಿಯಲ್ಲಿ ನೆಲಕ್ಕಿಟ್ಟ ಕಾಲಿನ ಮೇಲೆ ಹಿಂಚಕ್ರ ಹತ್ತುತ್ತದೆ. ‘ನೋ ಪಿಯೆ, ನೋ ಪಿಯೆ’, ಕಾಲು ಬೇಡ, ಕಾಲು ಬೇಡ ಎಂದು ಮಾರ್ಗದರ್ಶಿ ಕೂಗುತ್ತಿದ್ದದ್ದು ಮುಖ್ಯವಾಗಿ ನಮ್ಮಂಥವರನ್ನು ಉದ್ದೇಶಿಸಿ. ಬೈಕನ್ನೇ ಮುಟ್ಟದಿದ್ದ ಗುಂಪಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಬೇಗ ಕಲಿತಳು. ಅವಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಡಾಂಬರು ಬಿಟ್ಟ ಕೂಡಲೇ ಕೆಂಪು ಜೇಡಿಮಣ್ಣಿನ ದಾರಿ. ದನದ ಹುಲ್ಲುಗಾವಲುಗಳ ನಡುವೆ ಗೇಟುಗಳು. ಮಾರ್ಗದರ್ಶಿ ಇಳಿದು ತೆರೆಯುತ್ತಾನೆ, ಕೊನೆಯ ಗಾಡಿಯ ಸಹಾಯಕ ಮುಚ್ಚುತ್ತಾನೆ. ಒಂದು ಗೇಟಿನ ಬಳಿ ಕಾಯುವಾಗ ನನ್ನ ಹೆಂಡತಿ ಹೆಲ್ಮೆಟ್ಟಿನೊಳಗಿಂದಲೇ ಕೂಗಿದಳು: ‘ರೀ, ಇದು ನಮ್ಮ ಗೊಬ್ಬರದ ಗಿಡವಲ್ಲವೇ?’ ಅದು ಗ್ಲಿರಿಸಿಡಿಯಾವೇ ಹೌದು. ತಂತಿಬೇಲಿಯ ಕಂಬಗಳಾಗಿ ನೆಟ್ಟ ಗೂಟಗಳು ಚಿಗುರಿ ಸಾಲುಮರವಾಗಿದ್ದವು, ತಂತಿಯನ್ನು ತೊಗಟೆ ನುಂಗಿತ್ತು. ನಮ್ಮ ತೋಟದ ಬೇಲಿಗಳಿಗೆ ಬಂದ ಆ ಗಿಡದ ತವರು ಮಧ್ಯ ಅಮೆರಿಕದ ಈ ಸೀಮೆಯೇ. ಅಲ್ಲಿ ಅದರ ಹೆಸರು ಮದೆರೋ ನೆಗ್ರೊ. ಅದಕ್ಕೆ ಪ್ರತಿಯಾಗಿ ಎಂಬಂತೆ ನಮ್ಮ ಕಡೆಯ ತೇಗ ಮತ್ತು ಶಿವನೆ ಮರಗಳನ್ನು ಕೋಸ್ಟರಿಕಾದಲ್ಲಿ ಮರಮುಟ್ಟಿಗಾಗಿ ತೋಪುಗಳಲ್ಲಿ ಬೆಳೆಸುತ್ತಾರೆ. ಆ ದಾರಿಯಲ್ಲಿ ತೇಗದ ತೋಪೊಂದರೊಳಗೆ ಹಾದುಹೋಗುವಾಗ ಒದ್ದೆ ಎಲೆಗಳ ಮೇಲೆ ಚಕ್ರ ಜಾರುತ್ತಿದ್ದದ್ದರಿಂದ ಮರ ನೋಡುವ ಪುರುಸೊತ್ತು ಸಿಗಲಿಲ್ಲ.

ಏರು ಹತ್ತುವಾಗ ಗೇರನ್ನು ಬುಡದಲ್ಲಿಯೇ ಇಳಿಸಿಕೊಳ್ಳಬೇಕು, ನಡುವೆ ಬದಲಿಸಲು ಹೋಗಬಾರದು. ಸೀಟಿನ ಮುಂದಿನ ತುದಿಗೆ ಸರಿದು, ಎದೆಯನ್ನು ಹ್ಯಾಂಡಲಿನತ್ತ ಬಗ್ಗಿಸಿ, ಹೆಬ್ಬೆರಳನ್ನು ಒಂದೇ ಹದದಲ್ಲಿ ಒತ್ತಿ ಹಿಡಿಯಬೇಕು. ನಡುವೆ ಎಂಜಿನ್ ನಿಂತರೆ ಬ್ರೇಕು ಬಿಗಿಹಿಡಿದು, ಪಾರ್ಕಿಂಗ್ ಬ್ರೇಕು ಹಾಕಿ, ಗಾಡಿಯ ಎತ್ತರದ ಬದಿಯಿಂದ ಇಳಿದು ಮಾರ್ಗದರ್ಶಿಗಾಗಿ ಕಾಯುವುದೊಂದೇ ಕ್ರಮ. ಹಿಂದಕ್ಕೆ ಉರುಳಿಸಿಕೊಂಡು ಇಳಿಯಲು ಯತ್ನಿಸುವುದು ತೀರಾ ಅಪಾಯಕರ. ಮುಂದಿನವರು ಪೂರ್ತಿ ಹತ್ತುವವರೆಗೆ ಹಿಂದಿನವರು ಬುಡದಲ್ಲಿ ನಿಲ್ಲುತ್ತಿದ್ದದ್ದೂ ಇದೇ ಕಾರಣಕ್ಕೆ.

ಹೊಳೆ ದಾಟುವ ಜಾಗದಲ್ಲಿ ಮಾರ್ಗದರ್ಶಿ ಮೊದಲು ನೀರನ್ನಲ್ಲ, ಬೆಟ್ಟದ ನೆತ್ತಿಯನ್ನು ನೋಡಿದ. ಆಮೇಲೆ ನೀರಿನ ಬಣ್ಣ ನೋಡಿದ. ತಿಳಿಯಾಗಿದ್ದ ನೀರು ಒಮ್ಮೆಲೇ ಕದಡಿದರೆ, ಎಲೆ ಕಡ್ಡಿ ತೇಲಿಬರತೊಡಗಿದರೆ, ಮೇಲೆ ಮಳೆಯಾಗಿದೆ ಎಂದು ತಿಳಿದು ದಡದಿಂದ ಹಿಂದೆ ಸರಿಯಬೇಕೆಂದು ಹೇಳಿ, ತಾನು ನಡೆದು ದಾಟಿದ. ನೀರು ಮೊಣಕಾಲಿಗಿಂತ ಕೆಳಗಿತ್ತು. ಈ ಗಾಡಿಯ ಟೈರಿಗೆ ತುಂಬುವ ಗಾಳಿ ಬಹಳ ಕಡಿಮೆ. ಕಾರಿಗೆ 30 ಪಿಎಸ್‌ಐ ದಾಟುವಲ್ಲಿ ಇದಕ್ಕೆ ಸಾಮಾನ್ಯವಾಗಿ 10ರ ಒಳಗೆ. ಕೆಸರಿನಲ್ಲಿ ಅದು ಅನುಕೂಲ, ಆದರೆ ಗಾಳಿ ತುಂಬಿದ ದಪ್ಪ ಟೈರುಗಳು ಆಳದ ನೀರಿನಲ್ಲಿ ತೇಲಲೂ ನೋಡುತ್ತವೆ. ಆದ್ದರಿಂದ ಪಾದವಿಡುವ ಹಲಗೆಗಿಂತ ಮೇಲೆ ನೀರು ಬರುವಲ್ಲಿ ಇಳಿಯಬಾರದು. ಇಳಿದ ಮೇಲೆ ಮೊದಲನೆಯ ಗೇರಿನಲ್ಲಿ, ಹೆಬ್ಬೆರಳನ್ನು ಸಡಿಲಿಸದೆ, ಚಕ್ರದ ಪಕ್ಕದ ಸುಳಿಯನ್ನು ನೋಡದೆ ಎದುರು ದಡದ ಮೇಲೆ ಕಣ್ಣಿಟ್ಟು ಸಾಗಬೇಕು. ಹೊಳೆಯ ಉರುಟು ಕಲ್ಲುಗಳ ಮೇಲೆ ಮುಂಚಕ್ರ ಅತ್ತಿತ್ತ ಹೊರಳುವಾಗ ಹ್ಯಾಂಡಲನ್ನು ಬಿಗಿಯಾಗಿ ಎದುರಿಸಿದರೆ ತೋಳು ಸೋಲುತ್ತದೆ. ಮೊಣಕೈ ಮಡಿಸಿ, ಸೀಟಿನಿಂದ ಅರ್ಧ ಎದ್ದು, ಗಾಡಿಯನ್ನು ಕೆಳಗೆ ಕುಣಿಯಲು ಬಿಟ್ಟರೆ ಅದು ತಾನೇ ದಾರಿ ಕಂಡುಕೊಳ್ಳುತ್ತದೆ. ದಡ ಹತ್ತಿದ ಮೇಲೆ ಬ್ರೇಕನ್ನು ಮೆಲ್ಲಗೆ ಹಲವು ಬಾರಿ ಒತ್ತಿ ಒಣಗಿಸಬೇಕು. ಇದನ್ನು ಬಿಟ್ಟವರಿಗೆ ಮುಂದಿನ ಇಳಿಜಾರಿನಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ.

ನೆತ್ತಿಯ ಬಯಲಿನಿಂದ ಎರಾದೂರಾ ಕೊಲ್ಲಿ ಪೂರ್ತಿ ಕಾಣುತ್ತದೆ, ಗಾಳಿ ತಿಳಿಯಾಗಿದ್ದರೆ ಆಚೆಗೆ ನಿಕೋಯಾ ಪರ್ಯಾಯ ದ್ವೀಪದ ಗೆರೆಯೂ. ಅನಾನಸು, ಕಲ್ಲಂಗಡಿ ಕೊಟ್ಟರು. ಕೆಳಗೆ ಜೋಡಿ ಕೆಂಪು ಮಕಾವ್ ಗಿಳಿಗಳು ಗದ್ದಲ ಮಾಡುತ್ತಾ ಹಾರಿಹೋದವು. ಉತ್ತರಕ್ಕಿರುವ ಕರಾರಾ ರಾಷ್ಟ್ರೀಯ ಉದ್ಯಾನ ಅವುಗಳ ನೆಲೆ. ಕಡಲತೀರಕ್ಕೆ ಅವು ಬರುವುದು ಕಾಡುಬಾದಾಮಿಯ ಕಾಯಿಗಾಗಿ, ಅದೂ ಏಷ್ಯಾದಿಂದ ಹೋದ ಮರವೇ.

ಇಳಿಯುವ ದಾರಿ ಹತ್ತುವ ದಾರಿಗಿಂತ ದಣಿಸುತ್ತದೆ. ಸೀಟಿನ ಹಿಂತುದಿಗೆ ಸರಿದು, ತೋಳು ಚಾಚಿ, ಕಡಿಮೆ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಒದ್ದೆ ಜೇಡಿಯಲ್ಲಿ ಚಕ್ರ ಕಚ್ಚಿಕೊಂಡು ಜಾರುತ್ತದೆ. ಗುಂಪಿನ ಇಬ್ಬರು ಯುವಕರಿಗೆ ನಮ್ಮ ನಿಧಾನ ಬೇಸರ ತಂದಿದ್ದು ಕಾಣುತ್ತಿತ್ತು. ಮಾರ್ಗದರ್ಶಿ ಅವರನ್ನು ತನ್ನ ಬೆನ್ನ ಹಿಂದೆಯೇ ಇರಿಸಿಕೊಂಡು ವೇಗವನ್ನು ತನ್ನ ಕೈಯಲ್ಲಿಟ್ಟುಕೊಂಡ. ಒಳ್ಳೆಯ ಮಾರ್ಗದರ್ಶಿಯ ಗುರುತು ಅದು ಎಂದು ನನ್ನ ಅಭಿಪ್ರಾಯ. ಅವನ ಭಕ್ಷೀಸನ್ನು ಕೊಡುವಾಗ ನಾನು ಲೆಕ್ಕ ನೋಡಲಿಲ್ಲ.

ಮರಳಿದ ಮೇಲೆ ಗಾಡಿಗೆ ನೀರು ಹೊಡೆದು ಕೆಸರು ತೊಳೆಯುವವರೆಗೆ ಅಲ್ಲಿಯೇ ನಿಂತಿದ್ದೆವು. ಕೆಸರಿನಡಿಯ ಗೀರು ಹಳೆಯದೋ ಹೊಸದೋ ಎಂಬ ಚರ್ಚೆಗೆ ಬೆಳಗಿನ ಫೋಟೋಗಳೇ ಉತ್ತರವಾದ್ದರಿಂದ, ತಡೆಹಿಡಿದ ಮೊತ್ತವನ್ನು ಬಿಡುವ ರಸೀತಿಯನ್ನು ಬರೆಸಿಕೊಂಡೇ ಹೊರಟೆವು. ಬಲಗೈ ಹೆಬ್ಬೆರಳು ಮತ್ತು ಮುಂದೋಳು ಮರುದಿನದವರೆಗೂ ನೋಯುತ್ತವೆ. ಅದೇ ಸಂಜೆಗೆ ಸರ್ಫಿಂಗ್ ಪಾಠ ಕಾಯ್ದಿರಿಸುವ ಯೋಚನೆಯಿದ್ದವರು ಅದನ್ನು ಇನ್ನೊಂದು ದಿನಕ್ಕೆ ಹಾಕಿಕೊಳ್ಳುವುದು ಲೇಸು.